ಹಳೆ ಕೊಳಚೆ ಪಂಪು ಬದಲಿಸುವ ಮೊದಲು ಗುಂಡಿ ನೋಡಿ

ನಿಮ್ಮ ಪ್ರಶ್ನೆ ಓದಿದಾಗ ನಮ್ಮ ಬಿಲ್ಡಿಂಗಿನದ್ದೇ ಕಥೆ ಅನ್ನಿಸಿತು. ಇಪ್ಪತ್ತು ವರ್ಷದ ಕಟ್ಟಡ, ಬೇಸ್‌ಮೆಂಟಿನ ಕೊಳಚೆ ಗುಂಡಿಯಲ್ಲಿ ಎರಡು ಪಂಪು, ಒಂದು ಸತ್ತಿದೆ, ಇನ್ನೊಂದು ಆಗಾಗ ಟ್ರಿಪ್ ಆಗುತ್ತದೆ, ಅಂಗಡಿಯವರು 2 ಎಚ್‌ಪಿ ತೆಗೆದು 3 ಎಚ್‌ಪಿ ಹಾಕಿ ಎನ್ನುತ್ತಿದ್ದಾರೆ, ಹಾಕಬಹುದಾ ಎಂದು ಕೇಳಿದ್ದೀರಿ. ಈಗಲೇ ಹಾಕಬೇಡಿ ಮಾರಾಯ್ರೆ.

ನಾನು ಎಂಜಿನಿಯರ್ ಅಲ್ಲ. ಕಾಸರಗೋಡು ಪೇಟೆಯ ಒಂದು ಫ್ಲಾಟಿನಲ್ಲಿ ಆರು ವರ್ಷ ಸೆಕ್ರೆಟರಿಯಾಗಿದ್ದೆ, ಅಂದರೆ ವಾಸನೆ ಬಂದರೆ ಮೊದಲ ಫೋನ್ ನನಗೇ. ನಾವೂ ಸುಮ್ನೆ ಹೊಸ ಪಂಪು ತಂದು ಇಳಿಸಿದೆವು. ನಾಲ್ಕೇ ತಿಂಗಳಲ್ಲಿ ವೈಂಡಿಂಗ್, ಅಂದರೆ ಮೋಟಾರಿನೊಳಗಿನ ತಂತಿಯ ಸುರುಳಿ, ಸುಟ್ಟಿತು. ಮತ್ತೆ ಕಟ್ಟಿಸಿದೆವು, ಮತ್ತೆ ಸುಟ್ಟಿತು. ಅಂಗಡಿಯವರ ಜೊತೆ ಜಗಳ ಬೇರೆ. ಕೊನೆಗೆ ಮಂಗಳೂರಿನಿಂದ ಬಂದ ಹಿರಿಯ ಮೆಕ್ಯಾನಿಕ್ ಒಬ್ಬರು ಪಂಪನ್ನು ಮುಟ್ಟಲೇ ಇಲ್ಲ, ಗುಂಡಿಯ ಹತ್ತಿರ ಸ್ಟೂಲ್ ಹಾಕಿ ವಾಚು ನೋಡುತ್ತಾ ಕೂತರು. ಪಂಪು ನಿಂತ ಕೂಡಲೇ ಪೈಪಿನಲ್ಲಿದ್ದ ನೀರೆಲ್ಲ ದಬದಬನೆ ವಾಪಸ್ ಗುಂಡಿಗೇ ಬೀಳುತ್ತಿತ್ತು. ನೀರಿನ ಮಟ್ಟ ನೋಡಿ ಪಂಪು ಓಡಿಸುವ, ನಿಲ್ಲಿಸುವ ಫ್ಲೋಟ್ ಸ್ವಿಚ್ಚಿನ ಆನ್-ಆಫ್ ನಡುವೆ ನಾಲ್ಕು ಬೆರಳಿನಷ್ಟೇ ಅಂತರ, ಗುಂಡಿಯೂ ಸಣ್ಣದು, ಹಾಗಾಗಿ ಪಂಪು ಮತ್ತೆ ಆನ್. ಒಂದು ಗಂಟೆಯಲ್ಲಿ ಮೂವತ್ತು ಸಲ! ಇಂಥ ಪಂಪುಗಳಿಗೆ ಸಾಮಾನ್ಯವಾಗಿ ಗಂಟೆಗೆ ಹತ್ತು ಹದಿನೈದು ಸಲ ಅಂದರೆ ಹೆಚ್ಚು. ಪ್ರತಿ ಸಲ ಸ್ಟಾರ್ಟ್ ಆಗುವಾಗಲೂ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಆ ಬಿಸಿ ಆರಲು ಸಮಯವೇ ಸಿಗುವುದಿಲ್ಲ.

ತಪ್ಪು ಇದ್ದದ್ದು ಎನ್‌ಆರ್‌ವಿಯಲ್ಲಿ, ಅಂದರೆ ನೀರು ಹಿಂದೆ ಬರದ ಹಾಗೆ ತಡೆಯುವ ವಾಲ್ವಿನಲ್ಲಿ. ಬಿಚ್ಚಿದರೆ ಒಳಗೆ ತೆಂಗಿನ ನಾರಿನ ಉಂಡೆ. ನಮ್ಮ ಕಡೆ ಪಾತ್ರೆ ತಿಕ್ಕಲು ಇನ್ನೂ ಅದೇ ಅಲ್ವಾ. ಯಾರ ಮನೆಯದ್ದು ಎಂದು ಕೇಳಿದರೆ ಎಲ್ಲರೂ ಮೇಲಿನ ಮಹಡಿ ತೋರಿಸಿದರು.

ನಿಮ್ಮಲ್ಲಿ ಇನ್ನೊಂದು ಸಂಗತಿಯೂ ಇರಬಹುದು. ಎರಡೂ ಪಂಪಿಗೆ ಮೇಲೆ ಹೋಗುವ ಪೈಪು ಒಂದೇ ತಾನೇ? ಸತ್ತ ಪಂಪಿನ ಎನ್‌ಆರ್‌ವಿ ತೆರೆದು ಸಿಕ್ಕಿಕೊಂಡಿದ್ದರೆ, ಓಡುವ ಪಂಪು ಎತ್ತಿದ ನೀರು ಅದರ ಮೂಲಕವೇ ಗುಂಡಿಗೆ ಇಳಿಯುತ್ತದೆ. ಆ ಕಡೆಯ ಗೇಟ್ ವಾಲ್ವು ಮುಚ್ಚಿ ನೋಡಿ. ಖರ್ಚಿಲ್ಲದ ಪರೀಕ್ಷೆ.

ಆಮೇಲೆ ಲೆಕ್ಕ. ಬಳಕೆ ಕಡಿಮೆ ಇರುವ ಹೊತ್ತಲ್ಲಿ, ಎಲ್ಲರಿಗೂ ಸ್ವಲ್ಪ ಹೊತ್ತು ನೀರು ಬಿಡಬೇಡಿ ಎಂದು ಹೇಳಿ ಪಂಪು ಓಡಿಸಿ. ನಮ್ಮ ಗುಂಡಿ 1 ಮೀಟರ್ ಉದ್ದ, 1 ಮೀಟರ್ ಅಗಲ. ನಿಮಿಷಕ್ಕೆ 20 ಸೆಂಟಿಮೀಟರ್ ಇಳಿದರೆ 200 ಲೀಟರ್ ಆಯಿತು. ನಮ್ಮಲ್ಲಿ ಎತ್ತರ 7 ಮೀಟರ್, ಪೈಪು ಮತ್ತು ಬೆಂಡುಗಳ ತಡೆಗೆ ಇನ್ನೊಂದು 3 ಹಿಡಿದೆವು. 200 ಲೀಟರನ್ನು 10 ಮೀಟರ್ ಎತ್ತಲು ಒಂದೂವರೆ ಎಚ್‌ಪಿ ಸಾಕಾಯಿತು. ಸಣ್ಣ ಗುಂಡಿಗೆ 3 ಎಚ್‌ಪಿ ಹಾಕಿದರೆ ಗಳಿಗೆಯಲ್ಲಿ ಖಾಲಿ ಮಾಡಿ ನಿಲ್ಲುತ್ತದೆ, ಆನ್-ಆಫ್ ಇನ್ನೂ ಜಾಸ್ತಿಯಾಗುತ್ತದೆ. ಹಾಗಂತ ತೀರಾ ಚಿಕ್ಕದೂ ಬೇಡ, 80 ಎಂಎಂ ಪೈಪಿನಲ್ಲಿ ನಿಮಿಷಕ್ಕೆ 180 ಲೀಟರಾದರೂ ಹರಿಯದಿದ್ದರೆ ಗಟ್ಟಿ ಪದಾರ್ಥ ಒಳಗೇ ಕೂರುತ್ತದೆ. ಅಂಗಡಿಯಲ್ಲಿ ಎಚ್‌ಪಿ ಕೇಳಬೇಡಿ, ನಿಮಿಷಕ್ಕೆ ಎಷ್ಟು ಲೀಟರ್, ಎಷ್ಟು ಮೀಟರ್ ಎತ್ತರ ಎಂಬ ಎರಡು ಅಂಕಿ ಕೊಟ್ಟು ಪಂಪಿನ ಕರ್ವ್, ಅಂದರೆ ಯಾವ ಎತ್ತರಕ್ಕೆ ಎಷ್ಟು ನೀರು ಎತ್ತುತ್ತದೆ ಎಂಬ ಗ್ರಾಫ್, ತೋರಿಸಲು ಹೇಳಿ. ನಾರು, ಬಟ್ಟೆ ಬರುವ ಕಡೆ ವೋರ್ಟೆಕ್ಸ್ ಇಂಪೆಲ್ಲರ್, ಅಂದರೆ ನೀರನ್ನು ಸುಳಿಯಂತೆ ತಿರುಗಿಸಿ ತಳ್ಳುವ ಚಕ್ರ, ಒಳ್ಳೆಯದು. ಕರೆಂಟು ಸ್ವಲ್ಪ ಹೆಚ್ಚು ತಿನ್ನುತ್ತದೆ, ತಿನ್ನಲಿ. ಕಸ ಕತ್ತರಿಸುವ ಕಟರ್ ಇರುವ ಪಂಪು ನನಗೆ ಇಷ್ಟವಿಲ್ಲ, ಮರಳು ಬಂದರೆ ಬ್ಲೇಡು ಸವೆಯುತ್ತದೆ.

ದುಡ್ಡಿದ್ದರೆ ಗೈಡ್ ಪೈಪು, ಅಂದರೆ ಪಂಪು ಜಾರಿ ಇಳಿಯುವ, ಏರುವ ಕಂಬ, ಹಾಕಿಸಿ. ಚೈನು ಎಳೆದರೆ ಪಂಪು ಮೇಲೆ ಬರುತ್ತದೆ, ಬಿಟ್ಟರೆ ತಾನೇ ಕೂರುತ್ತದೆ, ಆಮೇಲೆ ಯಾರೂ ಗುಂಡಿಗೆ ಇಳಿಯಬೇಕಿಲ್ಲ. ಕೂರಿಸಲು ಮಾತ್ರ ಒಂದು ಸಲ ಇಳಿಯಲೇಬೇಕು. ಅಲ್ಲಿ ಮಾತ್ರ ದಯವಿಟ್ಟು ಉಳಿತಾಯ ನೋಡಬೇಡಿ. ನಮ್ಮ ಪ್ಲಂಬರ್ "ಐದು ನಿಮಿಷದ ಕೆಲಸ ಸಾರ್" ಎಂದು ಲುಂಗಿ ಎತ್ತಿ ಕಟ್ಟಿಯೇಬಿಟ್ಟಿದ್ದ, ಕೈ ಹಿಡಿದು ನಿಲ್ಲಿಸಿದೆ. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ, ಹೆಚ್ಚಾದರೆ ಮೂಗೇ ಸತ್ತುಹೋಗಿ ವಾಸನೆ ಗೊತ್ತಾಗುವುದಿಲ್ಲ. ರಕ್ಷಣೆಯ ಸಾಮಾನಿಲ್ಲದೆ ಜನರನ್ನು ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. 2023ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕೆಂದೂ ಹೇಳಿದೆ. ಟ್ಯಾಂಕರಿನಿಂದ ಖಾಲಿ ಮಾಡಿಸಿ, ಬ್ಲೋವರ್ ಇಟ್ಟು, ಗ್ಯಾಸ್ ಮೀಟರ್ ಇರುವವರಿಂದಲೇ ಮಾಡಿಸಿ.

ಪ್ಯಾನೆಲ್ ಬೋರ್ಡು ಹಳೆಯದೇ ಇಟ್ಟುಕೊಳ್ಳಬೇಡಿ. ಎರಡು ಪಂಪೂ ಸರದಿಯಲ್ಲಿ ಓಡುವ ವ್ಯವಸ್ಥೆ ಬೇಕು, ಇಲ್ಲದಿದ್ದರೆ ಒಂದು ಸವೆಯುತ್ತದೆ, ಇನ್ನೊಂದು ಕೂತಲ್ಲೇ ಜಾಮ್ ಆಗುತ್ತದೆ. ನೀರು ತುಂಬಿದಾಗ ಕೂಗುವ ಅಲಾರಾಂ ಬ್ಯಾಟರಿಯಲ್ಲಿರಲಿ.

ಕೆಲಸ ಪತ್ತನಾಜೆಯ (ಮೇ ಕೊನೆಯ ವಾರದ ತುಳುನಾಡಿನ ದಿನ) ಒಳಗೆ ಮುಗಿಸಿ. ಜೂನಿನ ಮಳೆ ಹಿಡಿದರೆ ಗುಂಡಿಯ ಗೋಡೆಯಿಂದಲೇ ನೀರು ಜಿನುಗುತ್ತದೆ, ಖಾಲಿ ಮಾಡಿದಷ್ಟೂ ತುಂಬುತ್ತದೆ. ಓಡುತ್ತಿರುವ ಹಳೆ ಪಂಪನ್ನು ಗುಜರಿಗೆ ಕೊಡಬೇಡಿ, ಸೀಲ್ ಮತ್ತು ಎಣ್ಣೆ ಬದಲಿಸಿ ಇಟ್ಟುಕೊಳ್ಳಿ. ನಮ್ಮದು ಜನರೇಟರ್ ರೂಮಿನ ಮೂಲೆಯಲ್ಲಿದೆ, ಕಳೆದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಮಳೆಗಾಲ) ಎರಡು ದಿನ ಓಡಿತು.