ಪೆಟ್ಟಿಗೆ ಬಿಚ್ಚುವ ಮೊದಲು

ಪ್ರಶ್ನೆ: ನಾವು ಕಲಬುರಗಿಯವರು. ಒಂಬತ್ತು ಮತ್ತು ನಾಲ್ಕು ವರ್ಷದ ಇಬ್ಬರು ಗಂಡುಮಕ್ಕಳು. ಬೇಸಿಗೆ ರಜೆಗೆ ಅಂತ ನನ್ನ ಗಂಡ ಹಿತ್ತಲಲ್ಲಿ ನೆಲದ ಮೇಲೆ ಇಡುವ ಈಜುಕೊಳ ತರಿಸಿದ್ದಾರೆ. ಹತ್ತು ಅಡಿ ಅಗಲ, ಎರಡೂವರೆ ಅಡಿ ಎತ್ತರ. ಅತ್ತೆ ಪೆಟ್ಟಿಗೆ ಬಿಚ್ಚಲು ಬಿಡುತ್ತಿಲ್ಲ. 'ಎದುರು ಮನಿಯವರು ಕೊಡ ಹಿಡ್ಕೊಂಡು ನಮ್ಮ ಬೋರಿಗೆ ಬರ್ತಾರ, ಅವರ ಮುಂದ ನೀವು ನೀರಾಗ ಆಡ್ತೀರೇನು?' ಅನ್ನುತ್ತಾರೆ. ತಾಯಿ, ಮಗ ಮಾತು ಬಿಟ್ಟು ಎಂಟು ದಿನ ಆಯಿತು. ಗಂಡ ಕೆಲಸ ಮಾಡುವುದು ಬೀದರಿನಲ್ಲಿ, ಶನಿವಾರ ರಾತ್ರಿ ಬರುತ್ತಾರೆ. ಮಕ್ಕಳು ದಿನಾ ಆ ಪೆಟ್ಟಿಗೆ ಮುಂದೆ ಕೂತು ನನ್ನನ್ನು ಕಾಡುತ್ತಾರೆ. ನಾನು ಯಾರ ಕಡೆ ನಿಲ್ಲಲಿ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಗಂಡನ ಆಸೆ ಇದೆ, ಅತ್ತೆಯ ಸಂಕಟ ಇದೆ, ಮಕ್ಕಳ ಹಟ ಇದೆ. ಕೊಳ ತುಂಬಿದ ಮೇಲೆ ಅದರ ಪಕ್ಕ ಕಾವಲು ಕೂರುವವರು ಯಾರು ಅನ್ನೋದು ಮಾತ್ರ ಎಲ್ಲೂ ಇಲ್ಲ. ಗಂಡ ವಾರವಿಡೀ ಬೀದರಿನಲ್ಲಿ ಇದ್ದರೆ ಆ ಕೆಲಸ ನಿಮ್ಮ ತಲೆಗೇ ಬೀಳುತ್ತದೆ ಅಲ್ವಾ? ಅಡುಗೆ, ಬಟ್ಟೆ, ಅದರ ಮೇಲೆ ಇದು. ಇದನ್ನು ಇತ್ಯರ್ಥ ಮಾಡದೆ ಒಂದು ಕೊಡ ನೀರೂ ಅದರಲ್ಲಿ ಬೀಳಬಾರದು.

ಯಾಕೆ ಇಷ್ಟು ಬಿಗಿಯಾಗಿ ಹೇಳುತ್ತೇನೆ ಅಂದರೆ, ನನ್ನ ತಂಗಿಯ ಮನೆಯಲ್ಲಿ ಒಮ್ಮೆ ಮೂರು ವರ್ಷದ ಮಗು ನೀರಿನ ಟಬ್ಬಿನಲ್ಲಿ ಆಡುತ್ತಿತ್ತು. ಅವಳು ಎರಡು ಹೆಜ್ಜೆ ದೂರದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಮಗು ಕೂಗಲಿಲ್ಲ. ನೀರು ಬಡಿಯುವ ಸದ್ದು ನಿಂತಿತಲ್ಲ ಅಂತ ತಿರುಗಿದಾಗ ಅದರ ಮುಖ ನೀರೊಳಗಿತ್ತು, ಒಂದು ಕೈ ಮಾತ್ರ ಟಬ್ಬಿನ ಅಂಚಿನ ಮೇಲೆ. ತಕ್ಷಣ ಎತ್ತಿದಳು, ಉಳಿಯಿತು. ಸಣ್ಣ ಮಕ್ಕಳು ಮುಳುಗುವಾಗ ಸದ್ದು ಮಾಡುವುದಿಲ್ಲ, ಒಂದು ಗೇಣು ನೀರೂ ಸಾಕು. ನಿಮ್ಮ ಚಿಕ್ಕವನಿಗೆ ನಾಲ್ಕೇ ವರ್ಷ. ಹಾಲು ಉಕ್ಕಿತು, ಫೋನ್ ಬಂತು ಅಂತ ಒಳಗೆ ಓಡುವಂತಿಲ್ಲ. ದೊಡ್ಡವನನ್ನು ಕಾವಲಿಗೆ ಬಿಡುವಂತಿಲ್ಲ, ಅವನೂ ಮಗುವೇ.

ಇನ್ನು ಅತ್ತೆಯ ಮಾತು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಕಲಬುರಗಿಗೆ ನೀರು ಬರುವುದು ಭೀಮಾ ಮತ್ತು ಬೆಣ್ಣೆತೊರಾದಿಂದ. ಭೀಮಾ ಬತ್ತಿದ ವರ್ಷ ಉಜನಿ ಆಣೆಕಟ್ಟಿನಿಂದ ನೀರು ಬಿಡಲಿ ಅಂತ ಮಹಾರಾಷ್ಟ್ರದ ದಾರಿ ನೋಡುವ ಊರು ನಮ್ಮದು. ಹತ್ತು ಅಡಿ ಕೊಳಕ್ಕೆ 2 ಅಡಿ ನೀರು ಅಂದರೆ ಸುಮಾರು 4,400 ಲೀಟರ್. 15 ಲೀಟರಿನ ಕೊಡದಲ್ಲಿ ಅಳೆದರೆ 290 ಕೊಡ! ಎದುರು ಮನೆಯವರ ಕೈಯಲ್ಲಿರುವುದು ಎರಡು ಕೊಡ. ಅತ್ತೆಗೆ ಕಾಣುತ್ತಿರುವುದು ಅದು.

ಹಾಗಂತ ಈ ಬಿಸಿಲಲ್ಲಿ ಮಕ್ಕಳು ನೀರಿಗೆ ಆಸೆಪಡುವುದೂ ತಪ್ಪಲ್ಲ. ನನ್ನ ಸಲಹೆ ಇಷ್ಟು: ಗಂಡ ನಾಲ್ಕೈದು ದಿನ ರಜೆ ಹಾಕಿ ಮನೆಗೆ ಬರಲಿ. ಆ ದಿನಗಳಿಗೆ ಮಾತ್ರ ಕೊಳ. ಕಾವಲು ಅವರದು. ನೀರು ಒಂದೇ ಸಲ, 1 ಅಡಿ ಸಾಕು. ಅರ್ಧಕ್ಕರ್ಧ ಉಳಿಯುತ್ತದೆ, ಮಕ್ಕಳ ಖುಷಿಗೆ ಕಮ್ಮಿ ಆಗೋದಿಲ್ಲ. ಆಟ ಮುಗಿದ ಮೇಲೆ ನೀರು ನಿಲ್ಲಿಸಿಕೊಂಡು ಕೂರಬೇಡಿ, ಒಂದು ವಾರ ಹತ್ತು ದಿನದಲ್ಲಿ ಸೊಳ್ಳೆ ಮರಿ ರೆಕ್ಕೆ ಕಟ್ಟಿಕೊಂಡು ಹಾರುತ್ತದೆ. ಬಕೆಟ್‌ನಲ್ಲಿ ತೋಡಿ ಬೇವಿಗೋ ನಿಂಬೆಗೋ ಹಾಕಿ. ರಜೆ ಸಿಗದಿದ್ದರೆ ಈ ವರ್ಷ ಪೆಟ್ಟಿಗೆ ಅಟ್ಟ ಸೇರಲಿ. ಮಕ್ಕಳು ಎರಡು ದಿನ ಅತ್ತು ಮರೆಯುತ್ತಾರೆ.

ಜಾಗದ ಬಗ್ಗೆಯೂ ಗಂಡನಿಗೆ ಹೇಳಿ. ಒಂದು ಅಡಿ ನೀರಿನ ತೂಕವೇ ಎರಡು ಟನ್‌ಗೂ ಜಾಸ್ತಿ. ಸಂಪಿನ ಮುಚ್ಚಳದ ಮೇಲೆ, ಪಾಯಖಾನೆ ಗುಂಡಿಯ ಮೇಲೆ, ಮಾಳಿಗೆಯ ಮೇಲೆ ಬೇಡವೇ ಬೇಡ. ನಮ್ಮ ಕರಿಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಒಂದು ಕಡೆ ಕುಸಿದರೆ ನೀರೆಲ್ಲ ಆ ಕಡೆ ವಾಲುತ್ತದೆ. ಮುರುಮ್ ಹಾಕಿ ಬಡಿದು, ಮೇಲೆ ಸಣ್ಣ ಉಸುಕು ಹರಡಿ, ತಾಡಪತ್ರಿ ಹಾಸಲಿ. ಶಹಾಬಾದ್ ಫರಸಿಯ ಮೇಲೆ ಇಡುವುದಾದರೂ ಕೆಳಗೆ ದಪ್ಪ ಜಮಖಾನೆ ಬೇಕು, ಕಲ್ಲಿನ ಅಂಚು ತಳವನ್ನು ಹರಿಯುತ್ತದೆ. ಏಣಿ ಇದ್ದರೆ ಆಟ ಮುಗಿದ ಕೂಡಲೇ ತೆಗೆದು ಒಳಗಿಡಿ. ಬಕೆಟ್, ಸ್ಟೂಲ್ ಕೂಡ ಹತ್ತಿರ ಇರಬಾರದು. ರಾತ್ರಿ ಹಿತ್ತಲ ಬಾಗಿಲಿಗೆ ಮೇಲಿನ ಚಿಲಕ ಹಾಕಿ.

ಯಾರ ಕಡೆ ನಿಲ್ಲಲಿ ಅಂತ ಕೇಳಿದಿರಿ. ಇಬ್ಬರ ನಡುವೆ ಮಾತು ಹೊತ್ತು ಓಡಾಡುವ ಕೆಲಸವನ್ನು ಬಿಟ್ಟುಬಿಡಿ. ಈ ಶನಿವಾರ ಊಟ ಆದ ಮೇಲೆ ಗಂಡನಿಗೆ ಕಾವಲಿನ ವಿಷಯ ನೇರವಾಗಿ ಹೇಳಿ. ಅವರು ಒಪ್ಪಿದರೆ, ಅತ್ತೆಯ ಹತ್ತಿರ ಹೋಗಬೇಕಾದವರು ನೀವಲ್ಲ. ಅವರೇ ಹೋಗಿ ತಾಯಿಯ ಪಕ್ಕ ಕೂತು ಕೇಳಲಿ: 'ಅವ್ವಾ, ಎದುರು ಮನಿಯವರ ಕೊಡ ತುಂಬಿದ ಮ್ಯಾಲ ಎಷ್ಟೊತ್ತಿಗೆ ಮೋಟಾರ್ ಹಾಕ್ಲಿ?'