ಡಿಇಎಫ್ ಬದಲು ಗೊಬ್ಬರದ ಯೂರಿಯಾ? ಬ್ಯಾಡ್ರಿ

ಅಣ್ಣಾರ, ಬಿಎಸ್-6 ಟಿಪ್ಪರಿನ ಡಿಇಎಫ್ (ಡೀಸೆಲ್ ಹೊಗಿ ಶುದ್ಧ ಮಾಡೋ ದ್ರವ) ಟ್ಯಾಂಕಿಗೆ ಹೊಲದ ಯೂರಿಯಾ ಬೋರಿನ ನೀರಾಗ ಕರಗಿಸಿ ಹಾಕಬಹುದಾ ಅಂತ ಕೇಳೀರಿ. ದಯವಿಟ್ಟು ಹಾಕಬ್ಯಾಡ್ರಿ. ಡಿಇಎಫ್‌ನಾಗೂ ಯೂರಿಯಾನೇ ಇರ್ತದ, ಖರೆ. ಆದ್ರ ಅದು ಶುದ್ಧ ಯೂರಿಯಾ 32.5%, ಉಳಿದದ್ದು ಖನಿಜ ತೆಗೆದ ನೀರು. ಸೊಸೈಟಿ ಚೀಲದ ಯೂರಿಯಾಕ್ಕ ಬೇವಿನೆಣ್ಣಿ ಲೇಪ ಇರ್ತದ, ಬೋರಿನ ನೀರಾಗ ಸುಣ್ಣದಂಶ. ಬಿಸಿ ಹೊಗಿಯೊಳಗ ಯೂರಿಯಾ ಅಮೋನಿಯಾ ಆಗಿ, ಹೊಗಿಯಾಗಿನ ವಿಷಾನಿಲ ನೈಟ್ರೋಜನ್ ಆಕ್ಸೈಡನ್ನ ಬರೇ ನೈಟ್ರೋಜನ್ ಮತ್ತ ನೀರು ಮಾಡಬೇಕು. ಈ ಕಲ್ಮಶ ಕೂತ್ರ ಡಿಇಎಫ್ ಸಿಂಪಡಿಸೋ ಇಂಜೆಕ್ಟರ್ ಕಟ್ಟಿಕೊಂತದ, ಹೊಗಿ ಶುದ್ಧ ಮಾಡೋ ಕ್ಯಾಟಲಿಸ್ಟ್ ಕೆಡ್ತದ. ಅದರ ಖರ್ಚಿನ ಮುಂದ ಡಿಇಎಫ್ ಕ್ಯಾನಿನ ರೇಟು ಏನೂ ಅಲ್ಲ. ಸಬ್ಸಿಡಿ ಗೊಬ್ಬರ ಗಾಡಿಗೆ ಬಳಸೋದು ಕಾನೂನಿಗೂ ವಿರುದ್ಧ.

ಈಗಾಗಲೇ ಹಾಕಿದ್ರ ಚಾವಿ ಆನ್ ಮಾಡಬ್ಯಾಡ್ರಿ, ಟ್ಯಾಂಕ್ ಖಾಲಿ ಮಾಡಿಸಿ ತೊಳಸ್ರಿ. ಐಎಸ್‌ಒ 22241 (ಡಿಇಎಫ್ ಗುಣಮಟ್ಟದ ಗುರುತು) ಅಂತ ಬರೆದ ಕ್ಯಾನೇ ತಗೊಳ್ರಿ. ಕಲಬುರಗಿ ಬಿಸಿಲಿನಾಗ ಅದನ್ನ ಕ್ಯಾಬಿನ್ನಿನಾಗ ಇಡಬ್ಯಾಡ್ರಿ. 30 ಡಿಗ್ರಿ ಒಳಗಿದ್ರ ವರ್ಷ ತಡೀತದ, 35ಕ್ಕ ಆರು ತಿಂಗಳಷ್ಟೇ.