ಹೊಸಬರಿಗೆ ಬಾಗಿಲು ತೆರೆದಿದೆ ಅಂತ ಗೊತ್ತಾಗುವುದು ಹೇಗೆ?

ಸಾಗರ ತಾಲ್ಲೂಕಿನ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರ ಉದ್ದವಿದೆ, ಮುಖ್ಯ ಭಾಗ ಮಾತ್ರ ಇಲ್ಲಿ ಕೊಟ್ಟಿದ್ದೇನೆ.

"ಕಳೆದ ಸಂಚಿಕೆಯಲ್ಲಿ ಅಮೆರಿಕದ ಸ್ಲ್ಯಾಮ್‌ಡಾನ್ಸ್ ಚಿತ್ರೋತ್ಸವದ ಬಗ್ಗೆ ಓದಿದೆ. ಹೊಸಬರ ಉತ್ಸವ ಅಂತ ಹೊಗಳಿದ್ದೀರಿ. ನಾನೂ ಹೊಸಬಳೇ. ರಾತ್ರಿ ಅಡಿಕೆ ಸುಲಿಯುವ ಹೆಂಗಸರ ಬಗ್ಗೆ 22 ನಿಮಿಷದ ಚಿತ್ರ ಮಾಡಿದ್ದೇನೆ. ಶುಲ್ಕ ಕಟ್ಟಿ ಆರು ಉತ್ಸವಗಳಿಗೆ ಕಳಿಸಿದೆ. ಐದು ಕಡೆ ಬೇಡ ಅಂದರು. ಆರನೆಯವರು ತಿಂಗಳೊಳಗೆ ಅತ್ಯುತ್ತಮ ಚಿತ್ರ ಅಂತ ಪ್ರಶಸ್ತಿಪತ್ರ ಕಳಿಸಿದರು. ಟ್ರೋಫಿ ಬೇಕಾದರೆ ಬೇರೆ ದುಡ್ಡು ಅಂದರು. ಚಿತ್ರವನ್ನು ಎಲ್ಲೂ ತೋರಿಸಲೇ ಇಲ್ಲ. ಎಲ್ಲರೂ ಹೊಸಬರಿಗೆ ಅವಕಾಶ ಅಂತಲೇ ಬರೆದುಕೊಂಡಿದ್ದಾರೆ. ಸುಮ್ನೆ ಬೋರ್ಡು ಹಾಕಿಕೊಂಡವರು ಯಾರು, ನಿಜವಾಗಿ ನೋಡುವವರು ಯಾರು ಅಂತ ನಮ್ಮಂಥವರಿಗೆ ಗೊತ್ತಾಗುವುದು ಹೇಗೆ?"

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಬೇಜಾರಾಯಿತು, ಸಿಟ್ಟೂ ಬಂತು. ನಮ್ಮ ಲೇಖನದಲ್ಲಿ ಒಂದು ಕೊರತೆಯಿತ್ತು ಅನ್ನುವುದೂ ಗೊತ್ತಾಯಿತು. ಸ್ಲ್ಯಾಮ್‌ಡಾನ್ಸ್ ಹೊಸಬರ ಉತ್ಸವ ಅಂತ ಹೇಳಿದೆವು, ಹಾಗೆ ಹೇಳಲು ಏನು ಆಧಾರ ಅಂತ ಬರೆಯಲಿಲ್ಲ. ನೀವು ಕೇಳುತ್ತಿರುವುದು ಅದನ್ನೇ ಅಲ್ವಾ? ಈಗ ಹೇಳುತ್ತೇನೆ.

ಆ ಉತ್ಸವ ಹುಟ್ಟಿದ್ದೇ "ಬೇಡ" ಅನ್ನಿಸಿಕೊಂಡವರಿಂದ. ಅಮೆರಿಕದ ಯೂಟಾ ರಾಜ್ಯದಲ್ಲಿ ಪಾರ್ಕ್ ಸಿಟಿ ಅಂತ ಬೆಟ್ಟದ ಮೇಲಿನ ಸಣ್ಣ ಊರು. ಜನವರಿಯ ಹಿಮದಲ್ಲಿ ಅಲ್ಲಿ ಸನ್‌ಡಾನ್ಸ್ ಉತ್ಸವ ನಡೆಯುತ್ತಿತ್ತು. ಅದೂ ಸ್ವತಂತ್ರ ಚಿತ್ರಗಳಿಗೆಂದೇ ಬೆಳೆದ ಉತ್ಸವ. 1989ರಲ್ಲಿ ಸ್ಟೀವನ್ ಸೋಡರ್‌ಬರ್ಗ್ ಎಂಬ 26ರ ಹುಡುಗನ ಮೊದಲ ಕಥಾಚಿತ್ರ ಅಲ್ಲಿ ಗೆದ್ದು ದೇಶವೆಲ್ಲ ಓಡಿತು. ಆಮೇಲೆ ಕೊಳ್ಳುವ ಕಂಪನಿಗಳೆಲ್ಲ ಆ ಬೆಟ್ಟ ಹತ್ತಿದವು. ಚಿತ್ರ ಕಳಿಸುವವರು ಜಾಸ್ತಿಯಾದರು. ಹೆಸರಿಲ್ಲದ, ದುಡ್ಡಿಲ್ಲದ ಚಿತ್ರಗಳಿಗೆ ಜಾಗ ಕಮ್ಮಿಯಾಯಿತು.

1995ರಲ್ಲಿ ಸನ್‌ಡಾನ್ಸ್‌ಗೆ ಆಯ್ಕೆಯಾಗದ ಡಾನ್ ಮಿರ್ವಿಶ್, ಜಾನ್ ಫಿಟ್ಜ್‌ಜೆರಾಲ್ಡ್, ಶೇನ್ ಕೂನ್ ಮತ್ತು ಅವರ ಗೆಳೆಯರು ಮನೆಯಲ್ಲಿ ಕೂರಲಿಲ್ಲ. ಅದೇ ಊರಿಗೆ, ಅದೇ ದಿನಗಳಲ್ಲಿ ತಮ್ಮ ಚಿತ್ರಗಳನ್ನು ಹೊತ್ತು ಹೋದರು. ಬಂದಿದ್ದ ಜನರನ್ನು ಕರೆದು ತೋರಿಸಿದರು. ಮುಂದೆ ಮುಖ್ಯ ರಸ್ತೆಯ ಮೇಲ್ತುದಿಯ ಟ್ರೆಷರ್ ಮೌಂಟನ್ ಇನ್ ಎಂಬ ಹೋಟೆಲು ಎಷ್ಟೋ ವರ್ಷ ಅವರ ಮನೆಯಾಯಿತು. ಹೋಟೆಲಿನ ಕೋಣೆಗೆ ಪರದೆ ಕಟ್ಟಿ, ಕುರ್ಚಿ ಜೋಡಿಸಿ ಸಿನಿಮಾ ತೋರಿಸಿದರು.

ಈ ಕಥೆ ಕೇಳಲು ಚೆನ್ನಾಗಿದೆ. ಆದರೆ ಕಥೆ ನಂಬಿಕೊಂಡು ಯಾರೂ ದುಡ್ಡು ಕಟ್ಟಬಾರದು. ನಾನು ಆ ಉತ್ಸವವನ್ನು ಮೆಚ್ಚುವುದು ಅದರ ನಿಯಮಗಳಿಗಾಗಿ. ಅಲ್ಲಿ ಕಥಾಚಿತ್ರಗಳ ಸ್ಪರ್ಧೆಗೆ ಬರಬೇಕಾದರೆ ಅದು ನಿರ್ದೇಶಕರ ಮೊದಲ ಪೂರ್ಣಾವಧಿ ಚಿತ್ರವಾಗಿರಬೇಕು. ಖರ್ಚು 10 ಲಕ್ಷ ಡಾಲರ್ ಒಳಗಿರಬೇಕು. ಅಮೆರಿಕದಲ್ಲಿ ಅದನ್ನು ಬಿಡುಗಡೆ ಮಾಡಲು ಯಾವ ವಿತರಕರೂ ಒಪ್ಪಿಕೊಂಡಿರಬಾರದು. 10 ಲಕ್ಷ ಡಾಲರ್ ನಮಗೆ ದೊಡ್ಡ ಮೊತ್ತವೇ, ಹಾಲಿವುಡ್ ಲೆಕ್ಕದಲ್ಲಿ ಏನೂ ಅಲ್ಲ. ಹೆಸರು ಮಾಡಿದ ನಿರ್ದೇಶಕರು ತಮ್ಮ ಐದನೇ ಚಿತ್ರ ತಂದು ಆ ಸಾಲಿನಲ್ಲಿ ನಿಲ್ಲುವ ಹಾಗಿಲ್ಲ. ಹೊಸಬರ ಜಾಗವನ್ನು ಕಾದಿಡುವುದು ಅಂದರೆ ಇದು.

ಇನ್ನೊಂದು ವಿಷಯ, ಆಯ್ಕೆ ಮಾಡುವವರು ಯಾರು ಅನ್ನುವುದು. ಹಿಂದೆ ಅಲ್ಲಿ ತಮ್ಮ ಚಿತ್ರ ತೋರಿಸಿದವರೇ ಈಗ ಕೂತು ಹೊಸಬರ ಚಿತ್ರ ನೋಡುತ್ತಾರೆ. ಧ್ವನಿ ಸರಿಯಿಲ್ಲದ ದೃಶ್ಯ ಬಂದರೆ, ಇವರಿಗೆ ಮೈಕ್ ಬಾಡಿಗೆಗೆ ದುಡ್ಡಿರಲಿಲ್ಲ ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ. ಅವರೂ ಆ ದಾರಿಯಲ್ಲೇ ಬಂದವರು.

ಅಲ್ಲಿಂದ ಬಂದವರಲ್ಲಿ ನಿಮಗೆ ಉಪಯೋಗಕ್ಕೆ ಬರುವ ಒಬ್ಬರ ವಿಷಯ ಹೇಳುತ್ತೇನೆ. ಈಗ ಹಾಲಿವುಡ್‌ನ ದೊಡ್ಡ ನಿರ್ದೇಶಕರಾಗಿರುವ ಕ್ರಿಸ್ಟೋಫರ್ ನೋಲನ್ ಅವರ ಮೊದಲ ಪೂರ್ಣಾವಧಿ ಚಿತ್ರ 'ಫಾಲೋಯಿಂಗ್' 1999ರಲ್ಲಿ ಸ್ಲ್ಯಾಮ್‌ಡಾನ್ಸ್‌ನಲ್ಲಿತ್ತು. ಕಪ್ಪು ಬಿಳುಪು, ಸುಮಾರು 70 ನಿಮಿಷ, ಖರ್ಚು ಹತ್ತಿರ ಹತ್ತಿರ 6,000 ಡಾಲರ್. ನಟಿಸಿದವರಿಗೆಲ್ಲ ಬೇರೆ ಕೆಲಸವಿತ್ತು. ಹಾಗಾಗಿ ವಾರದ ರಜೆಯಲ್ಲಿ ಮಾತ್ರ ಚಿತ್ರೀಕರಣ, ಅದೂ ಒಂದು ವರ್ಷದಷ್ಟು ಕಾಲ. ಗೆಳೆಯರ ಮನೆಗಳೇ ಸೆಟ್ಟು, ಕಿಟಕಿಯ ಬೆಳಕೇ ಲೈಟು. ಫಿಲ್ಮ್ ರೀಲು ದುಬಾರಿ ಅಂತ ನಾಟಕದ ಹಾಗೆ ಪ್ರತಿ ದೃಶ್ಯವನ್ನೂ ಮತ್ತೆ ಮತ್ತೆ ತಾಲೀಮು ಮಾಡಿ, ಒಂದೋ ಎರಡೋ ಟೇಕಿನಲ್ಲಿ ಮುಗಿಸುತ್ತಿದ್ದರು. ನೀವೂ ಅಡಿಕೆ ಕೊಯ್ಲಿನ ಕಾಲದಲ್ಲಿ, ಹೆಂಗಸರು ಕೆಲಸಕ್ಕೆ ಬಂದ ರಾತ್ರಿಗಳಲ್ಲಿ ಮಾತ್ರ ಕ್ಯಾಮೆರಾ ಇಟ್ಟೆ ಅಂತ ಬರೆದಿದ್ದೀರಿ. ಓದುವಾಗ ಇದೇ ನೆನಪಾಯಿತು.

ಆದರೆ ದೊಡ್ಡವರಾದವರ ಹೆಸರು ಹೇಳಿ ನಿಮ್ಮನ್ನು ಸಮಾಧಾನ ಮಾಡಲು ನನಗೆ ಇಷ್ಟವಿಲ್ಲ. ಅಲ್ಲಿ ಚಿತ್ರ ತೋರಿಸಿ ಆಮೇಲೆ ಸದ್ದಿಲ್ಲದೆ ಬೇರೆ ಕೆಲಸ ಹಿಡಿದವರೂ ಬಹಳ ಜನ. ಸ್ಲ್ಯಾಮ್‌ಡಾನ್ಸ್‌ಗೂ ಶುಲ್ಕ ಇದೆ. ಅಲ್ಲಿಗೂ ಸಾವಿರಾರು ಚಿತ್ರ ಬರುತ್ತವೆ. ಅವರೂ ಹೆಚ್ಚಿನವರಿಗೆ ಬೇಡ ಅಂತಲೇ ಬರೆಯಬೇಕಾಗುತ್ತದೆ. ಇದು ನಿಮಗೆ ಗೊತ್ತಿರಲಿ.

ನನಗೆ ತುಂಬಾ ಹಿಡಿಸಿದ್ದು 2021ರಲ್ಲಿ ಅವರು ಶುರು ಮಾಡಿದ 'ಅನ್‌ಸ್ಟಾಪಬಲ್' ವಿಭಾಗ. ಅಂಗವಿಕಲ ನಿರ್ದೇಶಕರ ಚಿತ್ರಗಳಿಗೆಂದೇ ಇರುವ ವಿಭಾಗ ಅದು. ಕಣ್ಣಿಗೆ ಕಾಣದ ತೊಂದರೆ ಇರುವವರೂ ಅದರಲ್ಲಿ ಸೇರುತ್ತಾರೆ. ಇಂಥ ಜಾಗ ತೆರೆದ ಮೇಲೆ ಬೇರೆ ಪ್ರಶ್ನೆಗಳು ಏಳುತ್ತವೆ. ಹಿಮ ಬಿದ್ದ ಏರು ರಸ್ತೆಯಲ್ಲಿ ಗಾಲಿಕುರ್ಚಿಯವರು ಬರುವುದು ಹೇಗೆ? ಕಿವಿ ಕೇಳದವರು ಚರ್ಚೆಯಲ್ಲಿ ಮಾತಾಡುವುದು ಹೇಗೆ? ನಿಜವಾಗಿ ಕರೆದವರು ಇಂಥದ್ದಕ್ಕೆಲ್ಲ ಉತ್ತರ ಹುಡುಕಬೇಕಾಗುತ್ತದೆ. 2025ರಲ್ಲಿ ಉತ್ಸವ ಬೆಟ್ಟ ಇಳಿದು ಲಾಸ್ ಏಂಜಲೀಸ್‌ಗೆ ಬಂತು.

ಈಗ ನಿಮ್ಮ ಆರನೇ ಉತ್ಸವದ ವಿಷಯ. ಅದು ಯಾವುದು ಅಂತ ನಾನು ಕೇಳುವುದಿಲ್ಲ, ಅಂಥವು ಬೇಕಾದಷ್ಟಿವೆ. ತಿಂಗಳಿಗೊಂದು ಸುತ್ತು, ಸುತ್ತಿಗೆ ನೂರು ವಿಭಾಗ, ಎಲ್ಲರಿಗೂ ಒಂದೊಂದು ಪ್ರಶಸ್ತಿ. ಉತ್ಸವಗಳಿಗೆ ಚಿತ್ರ ಕಳಿಸಲು ಇರುವ ಫಿಲ್ಮ್‌ಫ್ರೀವೇಯಂಥ ಜಾಲತಾಣದಲ್ಲಿ ಸಿಕ್ಕಿದ ಉತ್ಸವಕ್ಕೆ ದುಡ್ಡು ಕಟ್ಟುವ ಮೊದಲು ನಾಲ್ಕು ವಿಷಯ ನೋಡಿಕೊಳ್ಳಿ. ಕಳೆದ ವರ್ಷ ಯಾವ ಥಿಯೇಟರಿನಲ್ಲಿ, ಯಾವ ದಿನ, ಯಾವ ಚಿತ್ರ ತೋರಿಸಿದರು ಅನ್ನುವ ಪಟ್ಟಿ ಇದೆಯಾ? ಆಯ್ಕೆ ಮಾಡುವವರ ಹೆಸರು ಹಾಕಿದ್ದಾರಾ? ಹಿಂದೆ ಅಲ್ಲಿ ಚಿತ್ರ ತೋರಿಸಿದ ಒಬ್ಬರಿಗೆ ಸಂದೇಶ ಕಳಿಸಿ ಕೇಳಿ, ಹಾಲ್‌ನಲ್ಲಿ ಜನ ಇದ್ದರಾ ಅಂತ. ಕೊನೆಯದು, ಶುಲ್ಕ ಕಟ್ಟಲು ಆಗುವುದಿಲ್ಲ ಅಂತ ಒಂದು ಪತ್ರ ಬರೆಯಿರಿ. ನಾಚಿಕೆ ಬೇಡ. ಎಷ್ಟೋ ಒಳ್ಳೆಯ ಉತ್ಸವಗಳು ಶುಲ್ಕ ಬಿಟ್ಟುಕೊಡುತ್ತವೆ. ಬಿಡದಿದ್ದರೂ ಅವರು ಉತ್ತರ ಬರೆಯುವ ರೀತಿಯಲ್ಲೇ ಮನುಷ್ಯರು ಎಂಥವರು ಅಂತ ತಿಳಿಯುತ್ತದೆ. ಹಾಂ, ಚಿತ್ರವನ್ನು ಈಗಲೇ ಯೂಟ್ಯೂಬಿಗೆ ಹಾಕಬೇಡಿ. ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕು ಅನ್ನುವ ಉತ್ಸವಗಳಿವೆ.

ಅಮೆರಿಕಕ್ಕೇ ಹೋಗಬೇಕು ಅಂತಲೂ ಇಲ್ಲ. 2012ರಿಂದ ಧರ್ಮಶಾಲಾದಲ್ಲಿ ರಿತು ಸರೀನ್ ಮತ್ತು ತೆನ್ಜಿಂಗ್ ಸೋನಂ ದಂಪತಿ ಸ್ವತಂತ್ರ ಚಿತ್ರಗಳ ಉತ್ಸವ ನಡೆಸುತ್ತಿದ್ದಾರೆ. ಅವರೂ ಸಿನಿಮಾ ಮಾಡುವವರೇ. ಇನ್ನು ಕನ್ನಡದ್ದೇ ಉದಾಹರಣೆ ಬೇಕೆಂದರೆ 'ತಿಥಿ' ಇದೆ. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಮೊದಲ ಮತ್ತು ಎರಡನೇ ಚಿತ್ರದವರಿಗೆಂದೇ ಒಂದು ಸ್ಪರ್ಧೆಯಿದೆ. 2015ರಲ್ಲಿ ರಾಮ್ ರೆಡ್ಡಿ ಅವರ ಆ ಮೊದಲ ಚಿತ್ರ ಅದನ್ನು ಗೆದ್ದಿತು, ಜೊತೆಗೆ ಅತ್ಯುತ್ತಮ ಚೊಚ್ಚಲ ಚಿತ್ರ ಪ್ರಶಸ್ತಿಯನ್ನೂ ಪಡೆಯಿತು. ನಟಿಸಿದವರು ಮಂಡ್ಯ ಕಡೆಯ ಹಳ್ಳಿಯ ಜನ, ಆಡಿದ್ದು ಅವರ ಮನೆಮಾತು. ದೊಡ್ಡ ಹೆಸರಿನ ಚಿತ್ರಗಳ ಜೊತೆ ಒಂದೇ ಸಾಲಿನಲ್ಲಿ ನಿಂತಿದ್ದರೆ ಅದು ಯಾರ ಕಣ್ಣಿಗೆ ಬೀಳುತ್ತಿತ್ತೋ ಹೇಳಲಾರೆ. ಹೊಸಬರಿಗೆಂದು ಬೇರೆ ಸಾಲು ಇತ್ತು.

ನೀವು ಸಾಗರದವರಾದ್ದರಿಂದ ಒಂದು ಮಾತು ಹೇಳಲೇಬೇಕು. ನಿಮ್ಮದೇ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಎಪ್ಪತ್ತರ ದಶಕದಲ್ಲೇ ನೀನಾಸಮ್ ಚಿತ್ರಸಮಾಜ ಕಟ್ಟಿ, ಜಗತ್ತಿನ ಒಳ್ಳೆಯ ಸಿನಿಮಾಗಳನ್ನು ತಂದು ಅಡಿಕೆ ತೋಟದವರಿಗೆ ತೋರಿಸಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಅನ್ನುವ ಮಾತನ್ನು ಅವರು ಒಪ್ಪಲಿಲ್ಲ. ನಿಮ್ಮ ಚಿತ್ರದಲ್ಲಿರುವ ಹೆಂಗಸರು ಇನ್ನೂ ಅದನ್ನು ನೋಡಿಲ್ಲ ಅಂತ ಬರೆದಿದ್ದೀರಿ. ಏಳನೇ ಉತ್ಸವಕ್ಕೆ ಕಳಿಸುವ ಮೊದಲು ಅವರಿಗೆ ತೋರಿಸಿ. ಶಾಲೆಯ ಕೋಣೆ ಸಾಕು, ಒಂದು ಪ್ರೊಜೆಕ್ಟರ್, ಒಂದು ಬಿಳಿ ಪಂಚೆ ಸಾಕು. ಅವರು ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು ಅಂತ ಬರೆದಿಟ್ಟುಕೊಳ್ಳಿ. ಎಡಿಟಿಂಗ್ ಟೇಬಲ್ ಮುಂದೆ ಅದು ಬೇಕಾಗುತ್ತದೆ.

ನೀವು ಕಳಿಸಿದ ಲಿಂಕ್ ತೆರೆದು ಎರಡು ಸಲ ನೋಡಿದೆ. ಮೊದಲ ಮೂರು ನಿಮಿಷ ನೀವೇ ಮಾತಾಡುತ್ತೀರಿ, ಅಡಿಕೆಯ ಬೆಲೆ, ಕೂಲಿ, ಎಲ್ಲ ವಿವರಿಸುತ್ತೀರಿ. ಅದನ್ನು ತೆಗೆದುಬಿಡಿ. ಒಂದು ಡಬ್ಬ ಸುಲಿದರೆ ಎಷ್ಟು ಕೂಲಿ ಸಿಗುತ್ತದೆ ಅಂತ ಆ ಅಜ್ಜಿ ಬೆರಳು ಮಡಿಸಿ ಲೆಕ್ಕ ಹಾಕುವಾಗ ನಮಗೆ ಹೇಗೂ ಗೊತ್ತಾಗುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಅವಸರದಲ್ಲಿ ಆಗಿದೆ, ಇನ್ನೊಮ್ಮೆ ಬರೆಸಿ. ನಮ್ಮ ಬಳಗದಲ್ಲಿ ಆ ಕೆಲಸ ಬಲ್ಲವರಿದ್ದಾರೆ, ದುಡ್ಡಿಲ್ಲದೆ ಮಾಡಿಕೊಡುತ್ತಾರೆ.

14ನೇ ನಿಮಿಷದಲ್ಲಿ ಕರೆಂಟು ಹೋಗುತ್ತದಲ್ಲ, ಪರದೆ ಪೂರ್ತಿ ಕತ್ತಲು. ಯಾರೂ ಏಳುವುದಿಲ್ಲ. ಮೆಟ್ಟುಗತ್ತಿಗೆ ಅಡಿಕೆ ತಾಗುವ ಸದ್ದು ಮಾತ್ರ ಅದೇ ಲಯದಲ್ಲಿ ಕೇಳುತ್ತಲೇ ಇರುತ್ತದೆ. ಅಲ್ಲಿ ಸಂಗೀತ ಹಾಕಿ ಅಂತ ಯಾರೇ ಹೇಳಿದರೂ ಹಾಕಬೇಡಿ.